ಮಾತು ತಿಳಿಯದವಳ ಕೈಯ ತಂಬಿಗೆ

ಯಾತ್ರೆಯ ಬಸ್ಸು ನನ್ನನ್ನು ಆ ಮಠದ ಮೆಟ್ಟಿಲ ಮೇಲೆ ಮಲಗಿಸಿ ಹೋದಾಗ ನನಗೆ ಮೈಮೇಲೆ ಎಚ್ಚರ ಇರಲಿಲ್ಲ. ಅದರಲ್ಲಿ ಯಾರ ತಪ್ಪೂ ಇಲ್ಲ. ಜ್ವರ ನೆತ್ತಿಗೇರಿತ್ತು, ದಾರಿ ಇನ್ನೂ ಎತ್ತರಕ್ಕೆ ಏರುವುದಿತ್ತು, ಬಸ್ಸಿನ ತುಂಬ ಹೆಂಗಸರು ಮಕ್ಕಳು. ನಮ್ಮನ್ನೆಲ್ಲ ಕರೆದುಕೊಂಡು ಹೊರಟಿದ್ದ ರೇಣುಕಯ್ಯ ನನ್ನ ಚೀಲವನ್ನೇ ತಲೆಯಡಿಗೆ ಇಟ್ಟು, ತಿರುಗಿ ಬರುವಾಗ ಕರೆದುಕೊಂಡು ಹೋಗುತ್ತೇನೆ ಎಂದು ಕಿವಿಯಲ್ಲಿ ಕೂಗಿ ಹೇಳಿದನಂತೆ. ಅವನು ತಿರುಗಿ ಬರುವುದರೊಳಗೆ ಗುಡ್ಡ ಜರಿದು ರಸ್ತೆಯೇ ಹೋಯಿತು. ಬಸ್ಸು ಬೇರೆ ದಾರಿ ಹಿಡಿದು ಊರು ಸೇರಿತು. ನಾನು ಹೆಸರೂ ಗೊತ್ತಿಲ್ಲದ ಆ ಊರಿನಲ್ಲಿ ಉಳಿದೆ.

ನನ್ನ ಹೆಸರು ಪುಟ್ಟಗೌರಮ್ಮ, ತಿಪಟೂರಿನ ಕಡೆಯವಳು. ಗಂಡು ಹೆಣ್ಣು ಕೂಡಿಸುವುದು ನನ್ನ ಕಸುಬು. ಗಂಡ ತೀರಿಕೊಂಡ ಮೇಲೆ ಕೈಹಿಡಿದದ್ದು ನಾಲಿಗೆ. ಒಲ್ಲೆ ಎಂದು ಎದ್ದು ನಿಂತ ಬೀಗರನ್ನು ಒಂದು ಲೋಟ ಕಾಫಿ ಆರುವುದರೊಳಗೆ ಹೂಂ ಅನ್ನಿಸಿ ಕೂರಿಸಿದವಳು ನಾನು. ಅಂಥವಳು ಕಣ್ಣು ಬಿಟ್ಟು ನೋಡಿದರೆ ಸುತ್ತ ಬಣ್ಣ ಹಾಕದ ಉಣ್ಣೆಯ ನಿಲುವಂಗಿ ತೊಟ್ಟ ಸನ್ಯಾಸಿಗಳು, ಒಬ್ಬರ ಬಾಯಲ್ಲೂ ಮಾತಿಲ್ಲ. ಹಣೆಗೆ ಒದ್ದೆ ಬಟ್ಟೆ ಹಾಕಿದರು, ಜವೆಗೋಧಿಯ ಗಂಜಿ ಕುಡಿಸಿದರು, ಕಾಲು ತಣ್ಣಗಾದರೆ ಕಲ್ಲು ಕಾಯಿಸಿ ಬಟ್ಟೆ ಸುತ್ತಿ ಪಾದಕ್ಕೆ ಒತ್ತಿದರು. ಹೆತ್ತ ಮಕ್ಕಳೂ ಅಷ್ಟು ಮಾಡಲಾರರು. ಆದರೆ ನಾನು ಏನು ಕೇಳಿದರೂ ತುಟಿಯ ಮೇಲೆ ಬೆರಳಿಟ್ಟು ನಗುತ್ತಿದ್ದರು.

ಮೌನವ್ರತ ಇರಬೇಕು ಎಂದುಕೊಂಡೆ. ಎದ್ದು ಓಡಾಡುವಷ್ಟು ಶಕ್ತಿ ಬಂದ ಮೇಲೆ ಗೊತ್ತಾಯಿತು, ವ್ರತವೂ ಇಲ್ಲ ಏನೂ ಇಲ್ಲ. ಗೋಡೆಯ ಆಚೆ ಗುಬ್ಬಿಗಳ ಹಾಗೆ ಕಲಕಲ ಮಾತಾಡಿಕೊಳ್ಳುತ್ತಿದ್ದರು. ನಾನು ಬಾಗಿಲಿಗೆ ಬಂದರೆ ದೀಪ ಆರಿಸಿದ ಹಾಗೆ ಮಾತು ನಿಲ್ಲುತ್ತಿತ್ತು. ನನಗೆ ಎದೆ ಚುರ್ ಎನ್ನುತ್ತಿತ್ತು. ಬೇಡದ ನೆಂಟಳಾಗಿ ಬಿದ್ದಿದ್ದೇನೆ, ನನ್ನ ವಿಷಯವೇ ಆಡಿಕೊಳ್ಳುತ್ತಿದ್ದಾರೆ ಎಂದು ಕೊರಗುತ್ತಿದ್ದೆ. ಅವರ ಹೆಸರೂ ಯಾರೂ ಹೇಳಲಿಲ್ಲವಾದ್ದರಿಂದ ನಾನೇ ಹೆಸರಿಟ್ಟುಕೊಂಡೆ. ಎಲ್ಲರಿಗಿಂತ ಹಿರಿಯರಾಗಿ, ನೆಟ್ಟಗೆ ಬೆತ್ತದ ಹಾಗೆ ಇದ್ದವರು ದೊಡ್ಡಯ್ಯ. ಅಡುಗೆಮನೆಯಲ್ಲಿ ಇರುತ್ತಿದ್ದ ಗುಂಡು ಮೈಯ ಮುದುಕ ಒಲೆಯಣ್ಣ.

ಒಂದು ಬೆಳಗ್ಗೆ ದೊಡ್ಡಯ್ಯ ನನ್ನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಮಣೆಯ ಮೇಲೆ ಕೂರಿಸಿದರು. ಕೈಗೆ ನೀರು ತುಂಬಿದ ಒಂದು ತಾಮ್ರದ ತಂಬಿಗೆ ಕೊಟ್ಟರು. ಊರಿನವರು ಸುತ್ತ ಬಂದು ಕೂತರು. ಎದುರಿಗೆ ಚಾಪೆಯ ಮೇಲೆ ಇಬ್ಬರು ಗಂಡಸರು, ಒಬ್ಬ ಮುದುಕ, ಒಬ್ಬ ಹರೆಯದವನು. ಇಬ್ಬರೂ ನನ್ನ ಮುಖ ನೋಡಿಕೊಂಡು ಒಬ್ಬರಾದ ಮೇಲೆ ಒಬ್ಬರು ಏನೇನೋ ಹೇಳಿದರು. ಹೇಳುತ್ತ ಹೇಳುತ್ತ ಮುದುಕನ ಬಾಯಿ ಒಣಗಿ ತುಟಿ ಅಂಟಿಕೊಂಡಿತು. ಪಾಪ ಅನ್ನಿಸಿ ತಂಬಿಗೆಯನ್ನು ಅವನ ಕೈಗೆ ಕೊಟ್ಟೆ. ಅವನು ಎರಡು ಗುಟುಕು ಕುಡಿದ. ಕೂತಿದ್ದವರೆಲ್ಲ ಎದ್ದು ನನಗೆ ತಲೆ ಬಾಗಿಸಿದರು. ಹರೆಯದವನು ಬಂದು ಮುದುಕನ ತೋಳು ಹಿಡಿದು ಮೆಲ್ಲಗೆ ಮೆಟ್ಟಿಲು ಇಳಿಸಿಕೊಂಡು ಹೋದ. ನೀರು ಕೊಟ್ಟದ್ದಕ್ಕೆ ಇಷ್ಟೊಂದು ಮರ್ಯಾದೆಯೇ ಎಂದು ನಾನು ಬೆಪ್ಪಾಗಿ ಕೂತೆ.

ಅದರ ಅರ್ಥ ಬಿಡಿಸಿದವನು ದಸ್ತಗೀರ. ಹೇಸರಗತ್ತೆಗಳ ಮೇಲೆ ಸ್ಟೀಲಿನ ಪಾತ್ರೆ ಹೇರಿಕೊಂಡು ಬೆಟ್ಟದ ಊರುಗಳನ್ನು ಸುತ್ತುವ ವ್ಯಾಪಾರಿ, ಹರಪನಹಳ್ಳಿಯ ಕಡೆಯವನು. ಮಠದ ಬಾಗಿಲಲ್ಲಿ ಅವನು ಕತ್ತೆಯನ್ನು ಕನ್ನಡದಲ್ಲಿ ಬೈಯುತ್ತಿದ್ದದ್ದು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ಹಿಡಿದು ಕೂರಿಸಿ ಎಲ್ಲ ಕೇಳಿದೆ. ಇವರಿಗೆ ನಾನು ಯಾಕೆ ಬೇಡವಾದೆ ಎಂದೂ ಕೇಳಿದೆ.

ಅವನು ನಕ್ಕ. “ಬ್ಯಾಡಾಗೋದೆಲ್ಲಿ ಬಂತ್ರಿ ಅವ್ವಾರ. ನಿಮ್ಮಂಥೋರು ಸಿಗ್ಲಿ ಅಂತ ಇವರು ವರ್ಷಗಟ್ಲೆ ದಾರಿ ಕಾಯ್ತಾರ. ಈ ಊರಾಗ ಜಗಳ ಬಿಡಸೋರು ಮಾತು ತಿಳೀದೋರು. ಮಠಕ್ಕ ಬಂದ ಅತಿಥಿ ಮುಂದ ಇಬ್ರೂ ತಮ್ದು ಹೇಳ್ತಾರ. ಅತಿಥಿ ತಂಬಿಗಿ ಯಾರ ಕೈಗೆ ಕೊಟ್ರೋ ಅವರ ಮಾತು ನಡೀತದ.”

“ಮಾತೇ ತಿಳೀದೆ ನ್ಯಾಯ ಹೆಂಗಪ್ಪ ಹೇಳೋದು?”

“ತಿಳದೋರು ಹೇಳಿದ ನ್ಯಾಯಾನೂ ನೋಡೀವಲ್ರಿ ನಮ್ಮ ಕಡೆ,” ಎಂದ ಅವನು. ಅಷ್ಟೇ. ಯಾಕೆ ಹೀಗೆ, ಯಾವಾಗಿನಿಂದ ಹೀಗೆ ಎಂದರೆ ಅವನಿಗೂ ಗೊತ್ತಿರಲಿಲ್ಲ. ಊರಿನವರನ್ನು ಕೇಳಿದರೆ, ನಿಮ್ಮೂರಲ್ಲಿ ನೀರು ಯಾಕೆ ಇಳಿಜಾರಿಗೆ ಹರಿಯುತ್ತದೆ ಎಂದು ಕೇಳಿದ ಹಾಗೆ ನೋಡುತ್ತಾರಂತೆ.

ಇನ್ನೂ ಎರಡು ವಿಷಯ ಅವನು ಹೇಳಿದ. ಗೆದ್ದವರು ಅವತ್ತಿನ ಊಟವನ್ನು ಸೋತವರ ಮನೆಯಲ್ಲೇ ಉಣ್ಣಬೇಕು. ಅದಕ್ಕೇ ಅಲ್ಲಿ ಗೆದ್ದವರ ಮುಖದಲ್ಲಿ ಗೆಲುವಿಗಿಂತ ಅಳುಕು ಹೆಚ್ಚು. ಇನ್ನೊಂದು, ಅತಿಥಿಗೆ ಊರಿನ ಭಾಷೆ ಹತ್ತಿತು ಅಂದರೆ ಅಲ್ಲಿಗೆ ಮುಗಿಯಿತು, ಮಾರನೆಯ ಬೆಳಗ್ಗೆ ದಾರಿ ಬುತ್ತಿ ಕಟ್ಟಿಕೊಟ್ಟು ಕಳಿಸುತ್ತಾರೆ. ಒಂದೆರಡು ಮಾತಾದರೂ ಕಲಿಸಿ ಹೋಗಪ್ಪ, ನಾಲಿಗೆ ತುಕ್ಕು ಹಿಡಿಯುತ್ತಿದೆ ಎಂದು ಬೇಡಿಕೊಂಡೆ. ಅವನು ಎದ್ದು ಕತ್ತೆಯ ಹಗ್ಗ ಬಿಚ್ಚಿದ. ತನ್ನ ಜೊತೆ ಬಂದರೆ ಬಸ್ಸು ಸಿಗುವ ಕಡೆಗೆ ಬಿಡುತ್ತೇನೆ ಎಂದೂ ಕರೆದ. ಜರಿದ ಗುಡ್ಡವನ್ನು ಸುತ್ತಿ ಹೋಗುವ ಅವನ ಕಡಿದಾದ ದಾರಿ ಹತ್ತಲು ನನ್ನ ಕಾಲಿಗೆ ಶಕ್ತಿ ಇನ್ನೂ ಬಂದಿರಲಿಲ್ಲ. ಊರಿಗೆ ಸುದ್ದಿ ಮುಟ್ಟಿಸು ಎಂದಷ್ಟೇ ಹೇಳಿ ಕಳಿಸಿದೆ.

ಆಮೇಲೆ ಆ ಊರು ನನ್ನ ಕಣ್ಣಿಗೆ ಬೇರೆಯಾಗಿ ಕಾಣಿಸತೊಡಗಿತು. ಅಂಗಡಿಯವಳು ಬಾಯಿಗೆ ಬಟ್ಟೆ ಅಡ್ಡ ಹಿಡಿದು, ನಾನು ಕೈ ತೋರಿಸಿದ್ದನ್ನು ಕಟ್ಟಿಕೊಡುವಾಗ ನನಗೆ ಬೇಸರವಾಗುತ್ತಿರಲಿಲ್ಲ. ತೊರೆಯಲ್ಲಿ ಬಟ್ಟೆ ಒಗೆಯುತ್ತ ಹರಟುವ ಹೆಂಗಸರು ನನ್ನನ್ನು ಕಂಡ ಕೂಡಲೇ ಹಾಡಿಗೆ ಹೊರಳುತ್ತಿದ್ದರು. ಆ ಹಾಡಿನಲ್ಲಿ ಪದ ಇರುತ್ತಿರಲಿಲ್ಲ, ಬರೀ ರಾಗ. ಆಗಷ್ಟೇ ಮಾತು ಕಲಿತ ಮಕ್ಕಳು ನನ್ನ ಮುಂದೆ ಬಾಯಿ ತೆಗೆದರೆ ತಾಯಂದಿರು ಒಂದು ಒಣಗಿದ ಜರ್ದಾಳು ಹಣ್ಣು ತುರುಕುತ್ತಿದ್ದರು. ಮಕ್ಕಳಿಗೆ ಆ ಗುಟ್ಟು ಗೊತ್ತಾಗಿ, ಜರ್ದಾಳು ಬೇಕಾದಾಗಲೆಲ್ಲ ನನ್ನ ಹತ್ತಿರ ಬಂದು ಬಾಯಿ ತೆಗೆಯುವುದನ್ನು ಕಲಿತಿದ್ದವು. ಇಡೀ ಊರು ನನ್ನ ಅಜ್ಞಾನವನ್ನು ಹಾಲಿನ ಪಾತ್ರೆಯ ಹಾಗೆ ಮುಚ್ಚಿ ಕಾಪಾಡುತ್ತಿತ್ತು.

ಜಗಳಗಳು ಬಂದವು, ಹೋದವು. ಮೊದಮೊದಲು ಯಾರಿಗೆ ಕೊಡಬೇಕೆಂದು ತೋಚದೆ ತಂಬಿಗೆ ಹಿಡಿದು ಕೂತಿರುತ್ತಿದ್ದೆ. ಆಮೇಲೆ ನನಗೆ ನನ್ನ ಕಸುಬೇ ನೆರವಾಯಿತು. ಗಂಡು ನೋಡಲು ಹೋದಾಗ ನಾನು ಯಾವತ್ತೂ ಮುಖ ನೋಡಿದವಳಲ್ಲ, ಕೈ ನೋಡುತ್ತಿದ್ದೆ. ಮುಖವನ್ನು ಕನ್ನಡಿಯ ಮುಂದೆ ತಿದ್ದಿಕೊಂಡು ಬರಬಹುದು, ಕೈಗೆ ಆ ಬುದ್ಧಿ ಇಲ್ಲ. ಚಾಪೆಯ ಮೇಲೆ ಕೂತವರ ಕೈ ಏನು ಮಾಡುತ್ತಿದೆ ಎಂದು ನೋಡುತ್ತಿದ್ದೆ. ಒಬ್ಬ ಗಂಡಸು ಗಳಗಳ ಅತ್ತ, ಅವನ ಕೈ ಮಾತ್ರ ಮಡಿಲಲ್ಲಿ ಬೆಕ್ಕಿನ ಹಾಗೆ ಆರಾಮಾಗಿ ಮಲಗಿತ್ತು. ಇನ್ನೊಬ್ಬಳು ಬೆಂಕಿ ಕಾರಿದಳು, ಕೈ ಮಾತ್ರ ಎದುರಾಳಿಯ ಮಗುವಿನ ಮೇಲೆ ಕೂತ ನೊಣವನ್ನು ಓಡಿಸುತ್ತಲೇ ಇತ್ತು. ಎಲ್ಲ ಸಲವೂ ಸರಿಯಾಗಿಯೇ ಕೊಟ್ಟೆ ಎಂದು ಹೇಳಲಾರೆ. ತಂಬಿಗೆ ಕೊಟ್ಟ ಮೇಲೆ ಮಾತ್ರ ಒಬ್ಬರೂ ಮರುಮಾತಾಡಲಿಲ್ಲ. ಮಾತು ನಡೆಯದ ಕಡೆ ಜನ ಮಾತನ್ನು ಸಿಂಗರಿಸುವುದಿಲ್ಲ. ಆ ಊರಿನವರ ದನಿಯಲ್ಲೇ ಒಂದು ಸರಳತನ ಇತ್ತು. ಅರ್ಥವಾಗದಿದ್ದರೂ ಅದು ನನ್ನ ಕಿವಿಗೆ ಕೇಳುತ್ತಿತ್ತು.

ಕಾಲಿಗೆ ಶಕ್ತಿ ಬಂತು. ಜರಿದ ಗುಡ್ಡದ ಮೇಲೆ ನಡೆದು ದಾಟುವಷ್ಟು ದಾರಿಯನ್ನೂ ಸರಿಮಾಡಿದರು. ಹೊರಡಬೇಕು ಎಂದುಕೊಳ್ಳುವುದು, ಬೆಳಗಾದರೆ ಅಡುಗೆಮನೆಗೆ ಹೋಗಿ ಕೂರುವುದು, ಹೀಗೇ ನಡೆಯಿತು. ನಿಜ ಹೇಳುತ್ತೇನೆ, ಬದುಕಿನಲ್ಲಿ ಅಷ್ಟು ನೆಮ್ಮದಿಯಾಗಿ ನಾನು ಎಲ್ಲೂ ಇರಲಿಲ್ಲ. ಯಾರನ್ನೂ ಒಪ್ಪಿಸುವುದಿಲ್ಲ, ಯಾರನ್ನೂ ಹೊಗಳುವುದಿಲ್ಲ. ಒಲೆಯಣ್ಣ ಹಿಟ್ಟು ಕಲಸಿದರೆ ನಾನು ಸೊಪ್ಪು ಬಿಡಿಸುವುದು.

ನನ್ನ ಸಂಗಡ ಮಾತಾಡುವ ಹಾಗಿಲ್ಲ ಎಂಬ ಕಟ್ಟಳೆಯನ್ನು ಒಲೆಯಣ್ಣ ಚಾಚೂ ತಪ್ಪದೆ ಪಾಲಿಸುತ್ತಿದ್ದ. ಆದರೆ ಆ ಮನುಷ್ಯನಿಗೆ ಮಾತಿಲ್ಲದೆ ಕೈ ಆಡುತ್ತಿರಲಿಲ್ಲ. ಪಾತ್ರೆಗಳ ಜೊತೆ ಮಾತಾಡುತ್ತಿದ್ದ. ತಪ್ಪಲೆಯನ್ನು ಬೈಯುವುದು, ಬೆಂಕಿಯನ್ನು ರಮಿಸುವುದು, ಹಿಟ್ಟಿಗೆ ಬುದ್ಧಿ ಹೇಳುವುದು. ಅದಕ್ಕೆ ಯಾರ ತಡೆಯೂ ಇರಲಿಲ್ಲ, ಪಾತ್ರೆ ಅತಿಥಿಯಲ್ಲವಲ್ಲ. ಹಾಲು ಏರುತ್ತಿದ್ದರೆ ಓಡಿ ಬರುತ್ತ ಅವನು ಒಂದು ಮಾತು ಕೂಗುತ್ತಿದ್ದ. ದಿನಾ ಕೇಳಿ ಕೇಳಿ ಒಂದು ದಿನ ಅದು ನನ್ನೊಳಗೆ ತಾನಾಗಿಯೇ ಒಡೆದುಕೊಂಡಿತು: ಕೇಳಿಸಿತು, ಕೇಳಿಸಿತು, ಬಂದೆ. ಹೀಗೇ ಉಪ್ಪು ಬಂತು, ನೀರು ಬಂತು, ಉರಿ ತಗ್ಗಿಸು, ತಳ ಹಿಡಿಯಬೇಡ, ಮುಚ್ಚಳ ತೆಗಿ, ಸಾಕು ಇಳಿಸು ಎಲ್ಲ ಬಂದವು. ಬೇಕೆಂದು ಕಲಿತದ್ದಲ್ಲ. ಮಳೆಯಲ್ಲಿ ನಿಂತವರು ನೆನೆಯುವ ಹಾಗೆ ನೆನೆದೆ. ನಾಲ್ಕು ಅಡುಗೆ ಮಾತು ತಿಳಿದರೆ ಭಾಷೆ ತಿಳಿದ ಹಾಗಾಯಿತೇ ಎಂದು ನನಗೆ ನಾನೇ ಕೇಳಿಕೊಂಡು ಸುಮ್ಮನಿದ್ದೆ.

ಭಾಷೆ ಬೇಡದೆಯೇ ತಿಳಿದ ಇನ್ನೊಂದು ಸಂಗತಿ ಇತ್ತು. ತೊರೆಯ ಪಕ್ಕದಲ್ಲಿ ನೀರಿನಿಂದ ತಿರುಗುವ ಹಿಟ್ಟಿನ ಗಿರಣಿ. ಅದನ್ನು ನಡೆಸುತ್ತಿದ್ದವಳು ನಡುವಯಸ್ಸು ದಾಟಿದ ಒಬ್ಬ ವಿಧವೆ. ವಾರಕ್ಕೊಮ್ಮೆ ಮಠಕ್ಕೆ ಹಿಟ್ಟಿನ ಮೂಟೆ ತರುತ್ತಿದ್ದಳು. ಬೇರೆ ಕಡೆ ಮೂಟೆಯನ್ನು ದೊಪ್ಪೆಂದು ಎಸೆಯುವವಳು ಇಲ್ಲಿ ಮಲಗಿದ ಮಗುವನ್ನು ಇಳಿಸುವ ಹಾಗೆ ಇಳಿಸುತ್ತಿದ್ದಳು. ಅವಳು ಬರುವ ದಿನ ಒಲೆಯಣ್ಣ ಪಾತ್ರೆಗಳನ್ನು ಬೈಯುತ್ತಿರಲಿಲ್ಲ. ಇಬ್ಬರೂ ಮೂಟೆಯ ಎರಡು ಕಡೆ ನಿಂತು ಹಿಟ್ಟು ಮುಟ್ಟಿ ನೋಡುತ್ತಿದ್ದರು, ಚೆನ್ನಾಗಿದೆ ಎಂದು ಮೊದಲೇ ಗೊತ್ತಿದ್ದ ಹಿಟ್ಟನ್ನು. ಇಷ್ಟು ವರ್ಷ ಗಂಡು ಹೆಣ್ಣು ಕೂಡಿಸಿದ ಕಣ್ಣಿಗೆ ಇನ್ನೇನು ಹೇಳಬೇಕು. ನಾನು ಸೊಪ್ಪು ಬಿಡಿಸುತ್ತ ಬೇರೆ ಕಡೆ ನೋಡುತ್ತಿದ್ದೆ.

ಆ ಬೆಳಗ್ಗೆ ಎಂದಿನಂತೆ ಮಣೆ ಹಾಕಿದರು, ತಂಬಿಗೆ ಕೊಟ್ಟರು. ಚಾಪೆಯ ಮೇಲೆ ಬಂದು ಕೂತವನು ಒಲೆಯಣ್ಣ. ಅವನ ಎದುರಾಳಿ ಯಾರು ಎಂದು ನೋಡುತ್ತಿರುವಾಗಲೇ ದೊಡ್ಡಯ್ಯ ಬಂದು ಅವನ ಪಕ್ಕದಲ್ಲಿ ಕೂತರು. ಗಿರಣಿಯ ಹೆಂಗಸು ಅಂಗಳದ ಮೂಲೆಯಲ್ಲಿ ಕಂಬಕ್ಕೆ ಒರಗಿ ನಿಂತಿದ್ದಳು. ಮೈಮೇಲೆ ಒಂದು ಚೂರೂ ಹಿಟ್ಟಿನ ಧೂಳಿಲ್ಲದ ಹಾಗೆ ಅವಳು ಉಟ್ಟು ಬಂದಿದ್ದನ್ನು ಅವತ್ತೇ ನಾನು ಮೊದಲು ನೋಡಿದ್ದು. ವಿಷಯ ಏನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಮಠ ಬಿಟ್ಟು ಹೋಗಬೇಕಾದರೆ ಹಿರಿಯರ ಒಪ್ಪಿಗೆ ಬೇಕು, ಹಿರಿಯರು ಕೊಡುತ್ತಿಲ್ಲ.

ಮೊದಲು ದೊಡ್ಡಯ್ಯ ಮಾತಾಡಿದರು. ಮಾತಾಡುತ್ತಿದ್ದ ಹಾಗೆ ನನಗೆ ಎಲ್ಲ ಅರ್ಥವಾಗತೊಡಗಿತು. ಅವರು ಹೇಳುತ್ತಿದ್ದದ್ದೆಲ್ಲ ಅನ್ನದ ಸುತ್ತಲಿನ ಮಾತು, ಒಲೆಯ ಮಾತು. ಒಂದೊಂದು ಪದವೂ ನನಗೆ ಗೊತ್ತಿರುವ ಪದ. ಹಸಿದು ಬಂದವರಿಗೆ ಬಿಸಿ ಅನ್ನ ಹಾಕುತ್ತೇವೆಂದು ಈ ಮನೆ ಮಾತು ಕೊಟ್ಟಿದೆ, ಆ ಮಾತು ಇವನ ಕೈಯ ಸೌಟಿನಲ್ಲಿದೆ ಎಂದರು. ಇವನ ಉಪ್ಪಿನ ಹದ ಇನ್ನೊಬ್ಬರಿಗೆ ಬರುವುದಿಲ್ಲ ಎಂದರು. ಒಂದು ಒಲೆ ಬೆಳಗಿಸಲು ಇಷ್ಟು ಜನರ ಒಲೆ ಆರಿಸುವುದು ಸರಿಯೇ ಎಂದು ಕೇಳಿದರು. ಎಂಥ ಒಳ್ಳೆಯ ಮಾತುಗಳು. ಒಂದೊಂದಕ್ಕೂ ನನ್ನ ತಲೆ ಹೌದು ಹೌದು ಎನ್ನುತ್ತಿತ್ತು.

ಒಲೆಯಣ್ಣ ಹೇಳಿದ್ದು ಸ್ವಲ್ಪ. “ಎಲ್ಲರಿಗೂ ಬಡಿಸಿ ನಾನು ಕೂರುವ ಹೊತ್ತಿಗೆ ಗಂಜಿ ತಣ್ಣಗಾಗಿರುತ್ತದೆ. ಚಿಕ್ಕಂದಿನಿಂದ ತಣ್ಣಗಿನದನ್ನೇ ಉಂಡಿದ್ದೇನೆ. ಅವಳು ಬಿಸಿಯಾಗಿ ಬಡಿಸುತ್ತೇನೆ ಎನ್ನುತ್ತಾಳೆ.”

ಆಗ ನನಗೆ ಒಂದು ವಿಷಯ ಹೊಳೆಯಿತು. ಇಷ್ಟು ಹೊತ್ತು ನಾನು ಕಿವಿಗೊಟ್ಟು ಕೂತಿದ್ದೆ, ಒಂದು ಸಲವೂ ಅವರ ಕೈ ನೋಡಿರಲಿಲ್ಲ. ನೋಡಿದೆ. ದೊಡ್ಡಯ್ಯನವರ ಮುಖ ಕಲ್ಲಿನ ಹಾಗಿತ್ತು. ಆದರೆ ಅವರ ಎಡಗೈ ಒಲೆಯಣ್ಣನ ನಿಲುವಂಗಿಯ ಅಂಚನ್ನು ಹಿಡಿದುಕೊಂಡಿತ್ತು. ಜಾತ್ರೆಯ ಜನಜಂಗುಳಿಯಲ್ಲಿ ಮಗು ತಾಯಿಯ ಸೆರಗು ಹಿಡಿದುಕೊಳ್ಳುತ್ತದಲ್ಲ, ಹಾಗೆ. ಹಿಡಿದುಕೊಂಡದ್ದು ಅವರಿಗೂ ಗೊತ್ತಿರಲಿಲ್ಲ, ಒಲೆಯಣ್ಣನಿಗೂ ಗೊತ್ತಿರಲಿಲ್ಲ.

ತಂಬಿಗೆ ನನ್ನ ಕೈಯಲ್ಲಿತ್ತು. ಕೊಟ್ಟುಬಿಟ್ಟರೆ ಮುಗಿಯಿತು. ಒಲೆಯಣ್ಣ ಎರಡು ಗುಟುಕು ಕುಡಿದು, ಎದ್ದು ಕಂಬದ ಹತ್ತಿರ ಹೋಗುತ್ತಾನೆ. ನಾನು ನಾಳೆಯೂ ಬಂದು ಸೊಪ್ಪು ಬಿಡಿಸುತ್ತೇನೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆದರೆ ಮದುವೆ ಮಾಡಿಸುವವರಿಗೆ ಗೊತ್ತಿರುವ ಒಂದು ಮಾತಿದೆ, ಮುಚ್ಚಿಟ್ಟು ಕೂಡಿಸಿದ ಸಂಬಂಧ ಬಿಚ್ಚಿಕೊಂಡ ದಿನ ಹೆಣ್ಣಿನ ತಲೆಯ ಮೇಲೇ ಬಂದು ಬೀಳುತ್ತದೆ. ಮುಂದೆ ಯಾವತ್ತಾದರೂ, ಆ ಅತಿಥಿಗೆ ಮಾತು ತಿಳಿಯುತ್ತಿತ್ತಂತೆ ಎಂದು ಒಬ್ಬರ ಬಾಯಿಗೆ ಬಂದರೆ ಸಾಕು, ಗಿರಣಿಯ ಆ ಹೆಂಗಸು ಊರಿನಲ್ಲಿ ತಲೆ ಎತ್ತುವ ಹಾಗಿಲ್ಲ. ಅದಕ್ಕಿಂತ ಹೆಚ್ಚಾಗಿ, ನನ್ನ ಅಜ್ಞಾನವನ್ನು ಇಡೀ ಊರು ಅಷ್ಟು ಜೋಪಾನ ಮಾಡಿತ್ತು. ಈಗ ಅದು ಇಲ್ಲದೆ ಇರುವಾಗ ಇದೆ ಎಂದು ಕೂರುವುದು ನನ್ನಿಂದ ಆಗಲಿಲ್ಲ.

ತಂಬಿಗೆಯನ್ನು ನೆಲದ ಮೇಲೆ ಇಟ್ಟೆ. ನನಗೆ ತಿಳಿಯುತ್ತದೆ ಎನ್ನಲು ಅವರ ಭಾಷೆಯಲ್ಲಿ ಏನನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ಒಲೆಯಣ್ಣ ಹಾಲಿಗೆ ಹೇಳುತ್ತಿದ್ದುದನ್ನೇ ಹೇಳಿದೆ. “ಕೇಳಿಸಿತು,” ಎಂದೆ. “ಕೇಳಿಸಿತು.”

ಒಲೆಯಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಯಾರಿಂದ ಕಲಿತೆ ಎಂದು ಕೇಳಬೇಕಾಗಿರಲಿಲ್ಲ, ಆ ದನಿಯೇ ಅವನದು. ಒಬ್ಬ ಸನ್ಯಾಸಿ ಬಂದು ತಂಬಿಗೆಯನ್ನು ಒಳಗೆ ತೆಗೆದುಕೊಂಡು ಹೋದ. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ, ಮುಗಿದುಹೋಯಿತಲ್ಲ ಎಂಬ ಬೇಸರ ಮಾತ್ರ. ಇನ್ನೊಬ್ಬ ಅತಿಥಿ ಬರುವವರೆಗೆ ಈ ವ್ಯಾಜ್ಯ ಹಾಗೇ ನಿಲ್ಲುತ್ತದೆ. ಅಂಥ ಅತಿಥಿ ನಾಳೆ ಬರಬಹುದು, ಈ ಮೂವರ ಕಾಲ ಮುಗಿದ ಮೇಲೂ ಬರಬಹುದು. ಗಿರಣಿಯ ಹೆಂಗಸು ಕಂಬ ಬಿಟ್ಟು ಮೆಟ್ಟಿಲ ಕಡೆಗೆ ತಿರುಗಿದಳು.

ಅವಳ ಬೆನ್ನು ನೋಡಿದ ಕೂಡಲೇ ನನ್ನೊಳಗಿನ ಪುಟ್ಟಗೌರಮ್ಮ ಎದ್ದು ಕೂತಳು. ನ್ಯಾಯ ಹೇಳುವವಳಾಗಿ ನಾನು ಬಾಯಿ ಮುಚ್ಚಿಕೊಂಡಿರಬೇಕಾಗಿತ್ತು. ಈಗ ಆ ಮಣೆ ನನ್ನದಲ್ಲ. ನಾನು ಬರೀ ಒಬ್ಬ ಮದುವೆ ಮಾಡಿಸುವವಳು, ಎದುರಿಗೆ ಒಪ್ಪದೆ ಕೂತ ಹಿರಿಯರು. ಇಂಥದ್ದನ್ನು ನಾನು ಎಷ್ಟು ನೋಡಿಲ್ಲ. ಮಣೆಯಿಂದ ಇಳಿದು ಹೋಗಿ ದೊಡ್ಡಯ್ಯನವರ ಮುಂದೆ ನೆಲದ ಮೇಲೆ ಕೂತೆ. ಆ ಹೆಂಗಸಿಗೆ ನಿಲ್ಲು ಎಂದು ಹೇಳಬೇಕಾಗಿತ್ತು. ಅದಕ್ಕೂ ಪಾತ್ರೆಯ ಮಾತೇ ಸಿಕ್ಕಿತು, “ತಡಿ, ಇನ್ನೂ ಬೆಂದಿಲ್ಲ,” ಎಂದೆ. ಅವಳು ನಿಂತಳು.

ಊರಿನಲ್ಲಿ ಆಗಿದ್ದರೆ ಎಷ್ಟು ಹೇಳುತ್ತಿದ್ದೆನೋ. ಗಾದೆ, ಉಪಕಥೆ, ದೇವರ ಹೆಸರು, ಸತ್ತ ಹಿರಿಯರ ಹೆಸರು ಎಲ್ಲ ತೆಗೆದು ಹರಡುತ್ತಿದ್ದೆ. ಇಲ್ಲಿ ನನ್ನ ಹತ್ತಿರ ಇದ್ದದ್ದು ಒಬ್ಬ ಅಡುಗೆಯವನು ತನ್ನ ತಪ್ಪಲೆಗಳನ್ನು ಬೈಯುವ ಮಾತು ಮಾತ್ರ. ಬಹುವಚನ ಕೂಡ ಇರಲಿಲ್ಲ, ಪಾತ್ರೆಗೆ ಯಾರು ಬಹುವಚನ ಹಚ್ಚುತ್ತಾರೆ.

“ನೀನು ತಳ ಹಿಡಿಯುತ್ತಿದ್ದೀಯ,” ಎಂದೆ ದೊಡ್ಡಯ್ಯನವರಿಗೆ.

ಹಿಂದಿನಿಂದ ಯಾರೋ ಕಿಸಕ್ಕೆಂದು ನಕ್ಕರು. ದೊಡ್ಡಯ್ಯ ಬೆಚ್ಚಿ ನನ್ನ ಕಡೆ ನೋಡಿದರು. ಅವರನ್ನು ಏಕವಚನದಲ್ಲಿ ಮಾತಾಡಿಸಿದವರು ಇಷ್ಟು ವರ್ಷದಲ್ಲಿ ಇರಲಿಕ್ಕಿಲ್ಲ.

“ಉರಿ ಹೆಚ್ಚಾಯಿತು. ಮುಚ್ಚಳ ತೆಗಿ,” ಎಂದೆ. ಮುಂದೆ ಪದ ಸಿಗಲಿಲ್ಲ. ಅವರ ಎಡಗೈಯನ್ನು ಮುಟ್ಟಿ ತೋರಿಸಿದೆ.

ಅವರು ತಮ್ಮ ಕೈ ನೋಡಿಕೊಂಡರು. ಅದು ಯಾರದೋ ಕೈ ಎನ್ನುವ ಹಾಗೆ ತುಂಬ ಹೊತ್ತು ನೋಡಿದರು. ಒಲೆಯಣ್ಣನೂ ತಲೆ ಬಗ್ಗಿಸಿ ಅಂಗಿಯ ಅಂಚಿನಲ್ಲಿದ್ದ ಆ ಬೆರಳುಗಳನ್ನು ನೋಡಿದ. ಆಮೇಲೆ ದೊಡ್ಡಯ್ಯ ಕೇಳಿದ ಮಾತಿನಲ್ಲಿ ಮಠ ಇರಲಿಲ್ಲ, ಹಸಿದು ಬಂದವರು ಇರಲಿಲ್ಲ.

“ನಾಳೆ ನನ್ನ ಗಂಜಿ ಯಾರು ಮಾಡುತ್ತಾರೆ?” ಎಂದರು.

ಅವರಿಬ್ಬರೂ ಹುಡುಗರಾಗಿದ್ದಾಗ ಒಂದೇ ಚಳಿಗಾಲದಲ್ಲಿ ಆ ಮಠಕ್ಕೆ ಬಂದವರು ಎಂದು ನನಗೆ ಆಮೇಲೆ ತಿಳಿಯಿತು. ಆ ಪ್ರಶ್ನೆಗೆ ಉತ್ತರ ಕೊಟ್ಟವಳು ಗಿರಣಿಯ ಹೆಂಗಸು. ಗಿರಣಿ ಎಲ್ಲಿದೆ, ಈ ಮೆಟ್ಟಿಲ ಕೆಳಗೆ ತಾನೆ, ಅವನು ಬೆಳಗ್ಗೆ ಹತ್ತಿ ಬರಲಿ, ಬಡಿಸಿ ಸಂಜೆ ಇಳಿದು ಬರಲಿ, ರಾತ್ರಿಯ ಊಟ ನನ್ನ ಒಲೆಯದು ಎಂದಳು. ಅವಳ ಮಾತು ನನಗೆ ಪೂರ್ತಿ ಹಿಡಿಯಲಿಲ್ಲ. ಹತ್ತುವುದನ್ನೂ ಇಳಿಯುವುದನ್ನೂ ಅವಳು ಕೈಯಲ್ಲಿ ತೋರಿಸಿದ್ದು ಹಿಡಿಯಿತು. ಮಠದಲ್ಲಿ ಮಲಗುವವರಿಗೆ ಮದುವೆ ಕೂಡದೆಂಬ ಕಟ್ಟಳೆ ಇತ್ತೇ ಹೊರತು ಮಠದಲ್ಲಿ ಬೇಯಿಸುವವರಿಗೆ ಇರಲಿಲ್ಲವಂತೆ. ಇಷ್ಟು ದಿನ ಇಬ್ಬರೂ ಎದುರಾಳಿಗಳಾಗಿ ವಾದಕ್ಕೆ ಸಿದ್ಧವಾಗಿದ್ದರೇ ಹೊರತು ಹೀಗೊಂದು ದಾರಿ ಇರಬಹುದೆಂದು ಕೇಳಿಕೊಂಡೇ ಇರಲಿಲ್ಲ. ಎಷ್ಟೋ ಬೀಗರೂ ಹೀಗೇ.

“ಸಾಕು,” ಎಂದೆ ನಾನು. “ಇಳಿಸು.”

ದೊಡ್ಡಯ್ಯ ನಿಲುವಂಗಿಯ ಅಂಚು ಬಿಟ್ಟರು. ಎದ್ದು ತಾವೇ ಒಳಗೆ ಹೋಗಿ ತಂಬಿಗೆ ತಂದು ಒಲೆಯಣ್ಣನ ಕೈಗೆ ಕೊಟ್ಟರು. ಕುಡಿಯುವಾಗ ಅರ್ಧ ನೀರು ಅವನ ಗಡ್ಡದ ಮೇಲೆ ಚೆಲ್ಲಿತು. ಕಟ್ಟಳೆಯ ಪ್ರಕಾರ ಅದು ತೀರ್ಪಲ್ಲ. ಆದರೂ ದೊಡ್ಡಯ್ಯ ನಾನು ಸೋತೆ ಎಂದು ಹೇಳಿ, ಅವತ್ತಿನ ಊಟ ತಾವೇ ಹಾಕಬೇಕು ಎಂದು ಅಡುಗೆಮನೆಗೆ ನಡೆದರು. ಅವರಿಗೆ ಬೆಂಕಿ ಹೊತ್ತಿಸಲೂ ಬರುತ್ತಿರಲಿಲ್ಲ. ಒಲೆಯಣ್ಣ ಎರಡು ಸಲ ಏಳಲು ಹೋದ, ಎರಡು ಸಲವೂ ಸನ್ಯಾಸಿಗಳು ಭುಜ ಹಿಡಿದು ಕೂರಿಸಿದರು. ಹೊಗೆ ಅಂಗಳದ ತುಂಬ ಬಂತು. ಕೊನೆಗೆ ದೊಡ್ಡಯ್ಯ ಕಣ್ಣು ಕೆಂಪಾಗಿಸಿಕೊಂಡು, ಸೀದು ಕಪ್ಪಾದ ಗಂಜಿಯನ್ನು ತಂದು ಅವನೊಬ್ಬನಿಗೇ ಮೊದಲು ಬಡಿಸಿದರು. ಅದರಿಂದ ಹಬೆ ಏಳುತ್ತಿತ್ತು. ಒಲೆಯಣ್ಣ ಊದದೆ ಉಂಡ. ಬಾಯಿ ಸುಟ್ಟುಕೊಂಡು ಉಂಡ. ನಾವೆಲ್ಲ ನಮ್ಮ ಪಾಲಿಗಾಗಿ ಕಾದು ಕೂತಿದ್ದೆವು. ನನ್ನ ಪಾಲು ಬರುವಾಗ ತಣ್ಣಗಾಗಿತ್ತು. ಉಪ್ಪು ಇರಲಿಲ್ಲ. ಒಂದು ಅಗುಳೂ ಬಿಡದೆ ಉಂಡೆ.

ಮಾರನೆಯ ಬೆಳಗ್ಗೆ ಬುತ್ತಿ ಕಟ್ಟಿದರು. ಕಳಿಸುವುದರಲ್ಲಿ ಸಿಟ್ಟೂ ಇಲ್ಲ, ನಿಷ್ಠುರವೂ ಇಲ್ಲ, ಹಣ್ಣಾದದ್ದನ್ನು ಮರದಿಂದ ಬಿಡಿಸುವ ಹಾಗೆ. ದೊಡ್ಡಯ್ಯ ಬಾಗಿಲವರೆಗೆ ಬಂದು ನನ್ನ ತಲೆಯ ಮೇಲೆ ಕೈ ಇಟ್ಟರು. ಒಲೆಯಣ್ಣ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ. ತನ್ನ ಹೆಸರು ತೊರಿನ್ ಎಂದ, ಗಿರಣಿಯವಳ ಹೆಸರು ನೊರಿಯ ಎಂದ. ಎಂದವನು ನಾಚಿಕೊಂಡು ಒಳಗೆ ಓಡಿಹೋದ. ಮದುವೆಯ ಊಟ ನನಗೆ ದಕ್ಕಲಿಲ್ಲ. ನಾನು ಕೂಡಿಸಿ ಉಣ್ಣದೆ ಬಂದ ಮದುವೆ ಅದೊಂದೇ.

ಕೆಳಗಿಳಿದರೆ ಊರಿಗೆ ಊರೇ ಬೀದಿಯಲ್ಲಿ ನಿಂತಿತ್ತು. ಈಗ ಅವರಿಗೆ ಯಾವ ತಡೆಯೂ ಇರಲಿಲ್ಲ. ಇಷ್ಟು ದಿನ ನನ್ನನ್ನು ಕಂಡರೆ ಬಾಯಿಗೆ ಬಟ್ಟೆ ಹಿಡಿಯುತ್ತಿದ್ದವರೆಲ್ಲ ಒಟ್ಟಿಗೇ ಮಾತಾಡತೊಡಗಿದರು. ಅಂಗಡಿಯವಳು ತಾನು ಕಟ್ಟಿಕೊಟ್ಟ ಒಂದೊಂದು ಸಾಮಾನಿನ ಹೆಸರನ್ನೂ ಹೇಳಿದಳು. ತೊರೆಯ ಹೆಂಗಸರು ಬರೀ ರಾಗವಾಗಿದ್ದ ಆ ಹಾಡನ್ನು ಪದ ಹಾಕಿ ಹಾಡಿದರು. ಮಕ್ಕಳು ತಮ್ಮ ಹೆಸರು, ತಮ್ಮ ಆಡಿನ ಹೆಸರು, ನಾಯಿಯ ಹೆಸರು ಕೂಗಿದವು, ಒಂದರ ಬಾಯಿಗೂ ಯಾರೂ ಜರ್ದಾಳು ಹಾಕಲಿಲ್ಲ. ನಾಲ್ಕರಲ್ಲಿ ಒಂದು ಮಾತು ನನಗೆ ತಿಳಿಯಿತು. ಉಳಿದದ್ದು ಮೈಮೇಲೆ ಬಿದ್ದು ಹರಿದುಹೋಯಿತು.

ಸೇತುವೆಯ ಹತ್ತಿರ ಒಬ್ಬ ಗಂಡಸು ನನ್ನ ಚೀಲವನ್ನು ಕೈಯಿಂದ ತೆಗೆದುಕೊಂಡ. ಒರಟು ಆಳು, ನನಗೆ ಅವನ ಮುಖದ ಗುರುತೂ ಇರಲಿಲ್ಲ. ಜೊತೆಯಲ್ಲಿ ನಡೆಯುತ್ತ, ನನಗೆ ತಿಳಿಯುವ ಹಾಗೆ ನಿಧಾನವಾಗಿ, ಕೈಸನ್ನೆ ಸೇರಿಸಿ ಹೇಳಿದ. ತಾನೂ ಒಮ್ಮೆ ನನ್ನ ಮುಂದೆ ಚಾಪೆಯ ಮೇಲೆ ಕೂತವನೇ. ತನಗೂ ಅಣ್ಣನಿಗೂ ನಡುವೆ ಒಂದು ಗೋಡೆಯ ವ್ಯಾಜ್ಯ ಇತ್ತು. ನಾನು ತಂಬಿಗೆಯನ್ನು ಅಣ್ಣನಿಗೆ ಕೊಟ್ಟಿದ್ದೆ.

“ತಪ್ಪು ಕೊಟ್ಟೆ,” ಎಂದ. “ಗೋಡೆ ನನ್ನದು. ನಮ್ಮಪ್ಪ ನನಗೆ ಅಂತಲೇ ಕಟ್ಟಿದ್ದು.”

ನಾನು ನಿಂತುಬಿಟ್ಟೆ. ಅವನು ನಿಲ್ಲಲಿಲ್ಲ, ಚೀಲ ಹೊತ್ತುಕೊಂಡು ಮುಂದೆ ನಡೆಯುತ್ತಲೇ ಇದ್ದ. ನಾನು ಹಿಂದೆ ಓಡಿ ಅವನನ್ನು ಕೂಡಿಕೊಂಡೆ. ಗೆದ್ದ ಅಣ್ಣ ಅವತ್ತು ಕಟ್ಟಳೆಯ ಹಾಗೆ ತನ್ನ ಮನೆಗೆ ಊಟಕ್ಕೆ ಬಂದದ್ದನ್ನು ಅವನು ಹೇಳುತ್ತಿದ್ದ. ಅಪ್ಪ ಸತ್ತ ಮೇಲೆ ಅಣ್ಣ ಆ ಮನೆಯ ಹೊಸಿಲು ತುಳಿದದ್ದು ಅದೇ ಮೊದಲಂತೆ. ಅಣ್ಣನಿಗೆ ಏನು ಬಡಿಸಿದ್ದು, ಅವನು ಎರಡನೆಯ ಸಲ ಏನು ಹಾಕಿಸಿಕೊಂಡದ್ದು, ಹೆಂಡತಿ ಬಾಗಿಲ ಹಿಂದೆ ನಿಂತು ಏನು ಹೇಳಿದ್ದು, ಎಲ್ಲ ಬಿಡಿಸಿ ಬಿಡಿಸಿ ಹೇಳಿದ. ಪದ ತಿಳಿಯದೆ ನಾನು ಹುಬ್ಬು ಗಂಟಿಕ್ಕಿದರೆ ತಿರುಗಿ ಮೊದಲಿನಿಂದ ಹೇಳುತ್ತಿದ್ದ. ಜರಿದ ಗುಡ್ಡ ದಾಟಿ, ಬಸ್ಸು ನಿಲ್ಲುವ ಮರದ ಕೆಳಗೆ ಚೀಲ ಇಳಿಸುವವರೆಗೂ ಅವನ ಮಾತು ನಿಲ್ಲಲಿಲ್ಲ. ಬಸ್ಸು ಬಂದು ನಾನು ಹತ್ತಿ ಕೂತ ಮೇಲೂ ಕಿಟಕಿಯ ಕೆಳಗೆ ನಿಂತು, ಅಣ್ಣ ಹೊರಡುವಾಗ ಏನೆಂದ ಎಂಬುದನ್ನು ಹೇಳುತ್ತಲೇ ಇದ್ದ.